ಪಾಸ್‌ವರ್ಡ್ ಇಲ್ಲದ ನೆರೆಹೊರೆ

ಬರ್ಲಿನ್ ನಗರದ ಹಳೆಯ ಬಡಾವಣೆಗಳಲ್ಲಿ ಬೀದಿಯ ಮೇಲೆ ನಿಂತು ಮೊಬೈಲಿನಲ್ಲಿ ವೈಫೈ ಹುಡುಕಿದರೆ ಹತ್ತಿಪ್ಪತ್ತು ಹೆಸರುಗಳು ಸಾಲಾಗಿ ಬರುತ್ತವೆ. ಹೆಚ್ಚುಕಡಿಮೆ ಎಲ್ಲದರ ಪಕ್ಕದಲ್ಲೂ ಬೀಗದ ಗುರುತು. ಅವುಗಳ ನಡುವೆ ಕೆಲವೊಮ್ಮೆ ಬೀಗವಿಲ್ಲದ ಒಂದು ಹೆಸರು ಸಿಗುತ್ತದೆ: ಫ್ರೈಫುಂಕ್. ಅದನ್ನು ಒತ್ತಿದರೆ ಫೋನ್ ನಂಬರ್ ಕೇಳುವುದಿಲ್ಲ, ಒಟಿಪಿ ಬರುವುದಿಲ್ಲ, ಜಾಹೀರಾತು ತೋರಿಸಿ ಕಾಯಿಸುವುದಿಲ್ಲ. ನೆಟ್ ಬರುತ್ತದೆ, ಅಷ್ಟೆ. ಅದು ಸರ್ಕಾರ ಕೊಟ್ಟದ್ದಲ್ಲ, ಟೆಲಿಕಾಂ ಕಂಪನಿ ಕೊಟ್ಟದ್ದೂ ಅಲ್ಲ. ಅಲ್ಲೇ ಮೇಲಿನ ಮಹಡಿಯಲ್ಲಿರುವ ಯಾರೋ ತಿಂಗಳು ತಿಂಗಳು ಬಿಲ್ ಕಟ್ಟಿ ಹಾಕಿಸಿಕೊಂಡ ಮನೆಯ ಸಂಪರ್ಕದಲ್ಲಿ ಒಂದು ಪಾಲನ್ನು ಬೀದಿಗೆ ಬಿಟ್ಟಿದ್ದಾರೆ.

ಬೇಸಿಗೆಯಲ್ಲಿ ನಮ್ಮ ಊರುಗಳ ದಾರಿಬದಿಯಲ್ಲಿ ಅರವಟಿಗೆ ಇಡುವವರು ನೀರು ಕುಡಿಯಲು ಬಂದವರ ಹೆಸರು, ಕುಲ ವಿಚಾರಿಸುವುದಿಲ್ಲ. ಫ್ರೈಫುಂಕ್ ಕಟ್ಟಿದವರ ಮನಸ್ಸೂ ಅದೇ. ಆದರೆ ನೀರು ಕೊಟ್ಟವರನ್ನು ಯಾರೂ ಕೋರ್ಟಿಗೆ ಎಳೆಯುವುದಿಲ್ಲ. ಜರ್ಮನಿಯಲ್ಲಿ ನೆಟ್ ಕೊಟ್ಟವರ ಮನೆಗೆ ವಕೀಲರ ನೋಟಿಸ್ ಬಂತು. ಒಳ್ಳೆಯ ಮನಸ್ಸಿನಿಂದ ಬಾಗಿಲು ತೆರೆದವರನ್ನು ಕಾಯಲು ಆ ದೇಶಕ್ಕೆ ಸುಮಾರು ಹದಿನೈದು ವರ್ಷ ಹಿಡಿಯಿತು. ಮನೆಯ ವೈಫೈ ಹಂಚಿಕೊಳ್ಳುವುದು ತಂತ್ರಜ್ಞಾನದ ಮಟ್ಟಿಗೆ ಬಹಳ ಹಿಂದೆಯೇ ಬಗೆಹರಿದ ಸಂಗತಿ. ಬಗೆಹರಿಯದೆ ಉಳಿದದ್ದು ಬೇರೆ ಪ್ರಶ್ನೆ: ನಾನು ಹಂಚಿದ ನೆಟ್‌ನಲ್ಲಿ ಗುರುತಿಲ್ಲದ ಯಾರೋ ತಪ್ಪು ಮಾಡಿದರೆ ಹೊಣೆ ಯಾರದ್ದು?

ಈ ಕಥೆ ಶುರುವಾದದ್ದು ಒಂದು ವಿಚಿತ್ರ ಕೊರತೆಯಿಂದ. 1990ರಲ್ಲಿ ಎರಡು ಜರ್ಮನಿಗಳು ಒಂದಾದ ಮೇಲೆ ಪೂರ್ವ ಭಾಗದ ಹಳೆಯ ಟೆಲಿಫೋನ್ ತಂತಿಗಳನ್ನು ಬದಲಿಸುವ ಕೆಲಸ ಭರದಿಂದ ನಡೆಯಿತು. ಹೇಗೂ ಹೊಸದಾಗಿ ಹಾಕುವುದಾದರೆ ಅತ್ಯಾಧುನಿಕವಾದದ್ದನ್ನೇ ಹಾಕೋಣ ಎಂದು ಅನೇಕ ಕಡೆ ತಾಮ್ರದ ಬದಲು ಆಪ್ಟಿಕಲ್ ಫೈಬರ್ ಎಳೆದರು. ಆಗಿನ ಫೈಬರ್ ವ್ಯವಸ್ಥೆಯನ್ನು ರೂಪಿಸಿದ್ದು ಟೆಲಿಫೋನ್ ಮಾತುಕತೆಗಾಗಿ. ಮುಂದೆ ಜಗತ್ತಿಗೆಲ್ಲ ಬ್ರಾಡ್‌ಬ್ಯಾಂಡ್ ಬಂದಾಗ ಅದು ಬಂದದ್ದು ಡಿಎಸ್‌ಎಲ್ ರೂಪದಲ್ಲಿ, ತಾಮ್ರದ ತಂತಿಯ ಮೇಲೆ. ಹೀಗಾಗಿ ಹಳೆಯ ತಾಮ್ರ ಉಳಿದಿದ್ದ ಬಡಾವಣೆಗಳಿಗೆ ವೇಗದ ನೆಟ್ ಸಿಕ್ಕಿತು, ಹೊಸ ಫೈಬರ್ ಪಡೆದ ಬಡಾವಣೆಗಳಿಗೆ ಸಿಗಲಿಲ್ಲ. ಪೂರ್ವ ಬರ್ಲಿನ್ನಿನ ಫ್ರೀಡ್ರಿಶ್‌ಶೈನ್ ಪ್ರದೇಶದ ಎಷ್ಟೋ ಮನೆಗಳ ಪಾಡು ಇದಾಗಿತ್ತು. ಎರಡು ಬೀದಿ ಆಚೆ ಸ್ನೇಹಿತನ ಮನೆಯಲ್ಲಿ ಡಿಎಸ್‌ಎಲ್ ಇದೆ, ಇಲ್ಲಿ ಇಲ್ಲ.

ಆಗ ತಾರಸಿಗಳು ನೆನಪಾದವು. ವೈಫೈ ಬಳಸುವ 2.4 ಗಿಗಾಹರ್ಟ್ಸ್ ತರಂಗಕ್ಕೆ ಲೈಸೆನ್ಸ್ ಬೇಡ. ನೆಟ್ ಇರುವ ಮನೆಯ ಮೇಲೊಂದು ಆಂಟೆನಾ, ಇಲ್ಲದ ಮನೆಯ ಮೇಲೊಂದು ಆಂಟೆನಾ, ನಡುವೆ ಅಡ್ಡ ಇಲ್ಲದಿದ್ದರೆ ಸಾಕು. ಲಂಡನ್ನಿನಲ್ಲಿ 2000ದ ಸುಮಾರಿಗೆ ‘ಕನ್ಸ್ಯೂಮ್’ ಎಂಬ ಗುಂಪು ಇದೇ ಯೋಚನೆಯನ್ನು ಹುಟ್ಟುಹಾಕಿತ್ತು. 2002ರಲ್ಲಿ ಲಂಡನ್ನಿನವರೂ ಬರ್ಲಿನ್ನಿನವರೂ ಒಟ್ಟಿಗೆ ಕೂತು ಮಾತಾಡಿದ ಸಭೆಯ ಬೆನ್ನಿಗೇ ಫ್ರೈಫುಂಕ್ ರೂಪುಗೊಂಡಿತು. ಚಳವಳಿಯಲ್ಲಿ ಸೇರಿದವರು ಪರಸ್ಪರ ಒಪ್ಪಿಕೊಳ್ಳುವ ಪುಟ್ಟ ಕರಾರೂ ಆ ಮಾತುಕತೆಗಳಲ್ಲೇ ಮೊಳೆಯಿತು. ಅದರ ತಿರುಳು ಇಷ್ಟು: ನನ್ನ ಉಪಕರಣದ ಮೂಲಕ ಹಾದುಹೋಗುವ ಬೇರೆಯವರ ದತ್ತಾಂಶವನ್ನು ನಾನು ತಡೆಯುವುದಿಲ್ಲ, ತಿದ್ದುವುದಿಲ್ಲ, ಅದಕ್ಕೆ ಹಣ ಕೇಳುವುದಿಲ್ಲ, ಹಾಗೆಯೇ ಈ ಸೌಲಭ್ಯ ಸದಾ ಇರುತ್ತದೆ ಎಂಬ ಖಾತರಿಯನ್ನೂ ಕೊಡುವುದಿಲ್ಲ. ದೊಡ್ಡ ದೊಡ್ಡ ಕಂಪನಿಗಳ ಹತ್ತಾರು ಪುಟಗಳ ಷರತ್ತುಗಳನ್ನು ಓದದೆಯೇ ಒಪ್ಪಿಬಿಡುವ ನಮಗೆ ಈ ನಾಲ್ಕು ಸಾಲಿನ ಪ್ರಾಮಾಣಿಕತೆ ಹಿಡಿಸಬೇಕು.

ಎರಡು ಮನೆಗಳ ನಡುವೆ ಸಂಪರ್ಕ ಕಟ್ಟುವುದು ಸುಲಭ, ಇನ್ನೂರು ಮನೆಗಳ ನಡುವೆ ಕಷ್ಟ. ಯಾರೋ ರಾತ್ರಿ ರೂಟರ್ ಆರಿಸಿ ಮಲಗುತ್ತಾರೆ, ಇನ್ನೊಬ್ಬರು ಮನೆ ಖಾಲಿ ಮಾಡುತ್ತಾರೆ, ವಸಂತದಲ್ಲಿ ಮರ ಚಿಗುರಿ ಎರಡು ಆಂಟೆನಾಗಳ ನಡುವೆ ಎಲೆಗಳ ಗೋಡೆ ಎದ್ದು ನಿಲ್ಲುತ್ತದೆ. ದಾರಿ ತಪ್ಪಿದಾಗಲೆಲ್ಲ ಜಾಲ ತಾನಾಗಿಯೇ ಬೇರೆ ದಾರಿ ಹುಡುಕಿಕೊಳ್ಳಬೇಕು. ಇಂಥ ಜಾಲಕ್ಕೆ ಮೆಶ್ ಎನ್ನುತ್ತಾರೆ. ಬರ್ಲಿನ್ನಿನವರು ಮೊದಲು ಬಳಸಿದ್ದು ಒಎಲ್‌ಎಸ್‌ಆರ್ ಎಂಬ ನಿಯಮಾವಳಿ. ಅದರಲ್ಲಿ ಪ್ರತಿಯೊಂದು ರೂಟರೂ ಇಡೀ ಜಾಲದ ನಕ್ಷೆಯನ್ನು ತಲೆಯಲ್ಲಿ ಇಟ್ಟುಕೊಂಡು ಲೆಕ್ಕ ಹಾಕಬೇಕು. ಜಾಲ ನೂರಾರು ಮನೆಗಳಿಗೆ ಬೆಳೆದಾಗ ಅಗ್ಗದ ರೂಟರುಗಳು ಈ ಲೆಕ್ಕದ ಭಾರಕ್ಕೇ ಕುಸಿದವು. 2006ರ ಹೊತ್ತಿಗೆ ಅಲ್ಲಿನ ಸ್ವಯಂಸೇವಕರೇ ಇನ್ನೊಂದು ಉಪಾಯ ಹುಡುಕಿದರು. ಯಾವ ರೂಟರಿಗೂ ಪೂರ್ತಿ ನಕ್ಷೆ ಬೇಡ. ಇಂಥ ಮನೆಗೆ ಹೋಗಬೇಕಾದರೆ ನನ್ನ ನೆರೆಯವರಲ್ಲಿ ಯಾರ ಕೈಗೆ ಕೊಟ್ಟರೆ ಒಳ್ಳೆಯದು ಎಂಬುದಷ್ಟೇ ತಿಳಿದಿದ್ದರೆ ಸಾಕು. ಅದಕ್ಕೆ ಬ್ಯಾಟ್‌ಮನ್ ಎಂದು ಹೆಸರಿಟ್ಟರು. ಹವ್ಯಾಸಿಗಳ ತಾರಸಿಯಲ್ಲಿ ಹುಟ್ಟಿದ ಈ ತಂತ್ರಾಂಶದ ಮುಂದಿನ ರೂಪ 2011ರಲ್ಲಿ ಮುಕ್ತ ತಂತ್ರಾಂಶವಾದ ಲಿನಕ್ಸ್ ಕರ್ನಲ್‌ನ ಭಾಗವಾಯಿತು. ನೆರೆಯವರಿಗೆ ನೆಟ್ ಮುಟ್ಟಿಸಲು ಹೊರಟವರ ಕೆಲಸ ಹೀಗೆ ಜಗತ್ತಿನ ಸಾಮಾನ್ಯ ಆಸ್ತಿಗೆ ಸೇರಿತು.

ಮನೆಯವರು ಮಾಡಬೇಕಾದ ಕೆಲಸ ಹೆಚ್ಚಿಲ್ಲ. ಅಗ್ಗದ ಒಂದು ಸಾದಾ ರೂಟರ್ ಕೊಂಡು ಅದರಲ್ಲಿರುವ ಕಂಪನಿಯ ತಂತ್ರಾಂಶ ಅಳಿಸಿ, ಫ್ರೈಫುಂಕ್‌ನ ಮುಕ್ತ ತಂತ್ರಾಂಶ ತುಂಬಬೇಕು. ಲ್ಯೂಬೆಕ್ ಊರಿನ ಗುಂಪು ತಯಾರಿಸಿದ ‘ಗ್ಲುವಾನ್’ ಇವತ್ತು ಬಹಳ ಊರುಗಳಲ್ಲಿ ಬಳಕೆಯಲ್ಲಿದೆ. ಈ ಎರಡನೆಯ ರೂಟರನ್ನು ಮನೆಯ ಮೊದಲ ರೂಟರಿಗೆ ಒಂದು ಕೇಬಲ್‌ನಿಂದ ಜೋಡಿಸಿ ಕಿಟಕಿಯ ಬಳಿ ಇಟ್ಟರೆ ಮುಗಿಯಿತು. ಮನೆಯವರ ಸ್ವಂತ ವೈಫೈ ಪಾಸ್‌ವರ್ಡ್ ಸಮೇತ ಮೊದಲಿನಂತೆಯೇ ಇರುತ್ತದೆ. ಬೀದಿಯಿಂದ ಬಂದವರ ಸಂಚಾರ ಎರಡನೆಯ ರೂಟರಿನಿಂದ ಹೊರಟು ಮನೆಯ ತಂತಿಯೊಳಗೇ ಗೂಢಲಿಪಿಯ ಸುರಂಗವೊಂದರಲ್ಲಿ ಸಾಗಿ, ಊರಿನ ಗುಂಪು ನಡೆಸುವ ಸರ್ವರ್ ತಲುಪಿ, ಅಲ್ಲಿಂದ ಹೊರ ಜಗತ್ತಿಗೆ ಹೋಗುತ್ತದೆ. ಅತಿಥಿಗೆ ಮನೆಯ ಪ್ರಿಂಟರಾಗಲಿ, ಫೋಟೊಗಳಿರುವ ಕಂಪ್ಯೂಟರಾಗಲಿ ಕಾಣುವುದಿಲ್ಲ. ಎಷ್ಟು ವೇಗ ಬಿಟ್ಟುಕೊಡಬೇಕು ಎಂಬುದನ್ನೂ ಮನೆಯವರೇ ನಿಗದಿ ಮಾಡಬಹುದು. ಮನೆಯಲ್ಲಿ ಯಾರೂ ಇಲ್ಲದ ಹಗಲು, ಎಲ್ಲರೂ ಮಲಗಿದ ಇರುಳು, ಸುಮ್ಮನೆ ವ್ಯರ್ಥವಾಗುವ ಸಾಮರ್ಥ್ಯ ಅದು. ತಿಂಗಳ ಬಿಲ್ ಬಳಸಿದರೂ ಅಷ್ಟೇ, ಬಳಸದಿದ್ದರೂ ಅಷ್ಟೇ.

ಕೊರತೆಗಳನ್ನೂ ಹೇಳಬೇಕು. ಒಂದೇ ರೇಡಿಯೊ ಇರುವ ಅಗ್ಗದ ರೂಟರು ಕೇಳಿಸಿಕೊಂಡದ್ದನ್ನು ಮತ್ತೆ ಅದೇ ಚಾನೆಲ್ಲಿನಲ್ಲಿ ಮುಂದಕ್ಕೆ ಕಳಿಸಬೇಕು; ಹಾಗಾಗಿ ಒಂದೊಂದು ಮನೆ ದಾಟಿದಾಗಲೂ ವೇಗ ಸುಮಾರು ಅರ್ಧಕ್ಕೆ ಇಳಿಯುತ್ತದೆ. ನಾಲ್ಕು ಮನೆ ದಾಟಿ ಬಂದ ನೆಟ್‌ನಲ್ಲಿ ಸಿನಿಮಾ ನೋಡಲು ಆಗದು, ಪತ್ರ ಕಳಿಸಬಹುದು. ಪಾಸ್‌ವರ್ಡ್ ಇಲ್ಲದ ವೈಫೈನಲ್ಲಿ ಫೋನಿಗೂ ರೂಟರಿಗೂ ನಡುವಿನ ಗಾಳಿಯಲ್ಲಿ ಹಾದುಹೋಗುವುದು ಅಕ್ಕಪಕ್ಕದವರ ಕಿವಿಗೆ ಬೀಳಬಹುದು. ಬ್ಯಾಂಕು, ಇಮೇಲ್, ವಾಟ್ಸ್ಆ್ಯಪ್ ಇವೆಲ್ಲ ಈಗ ತಮ್ಮದೇ ಗೂಢಲಿಪಿಯಲ್ಲಿ ಸಾಗುವುದರಿಂದ ಹತ್ತು ವರ್ಷದ ಹಿಂದಿನಷ್ಟು ಅಪಾಯ ಇಲ್ಲ. ಆದರೂ ಬಳಸುವವರು ಇದನ್ನು ತಿಳಿದುಕೊಂಡಿರಬೇಕು.

ಇಷ್ಟು ಅಚ್ಚುಕಟ್ಟಾದ ವ್ಯವಸ್ಥೆಗೆ ಅಡ್ಡ ಬಂದದ್ದು ಒಂದು ಹಾಡು. ಒಬ್ಬ ಮನೆಯ ಮಾಲೀಕ ರಜೆಗೆಂದು ಊರು ಬಿಟ್ಟಿದ್ದ. ಆತ ಇಲ್ಲದಾಗ ಆತನ ವೈಫೈ ಮೂಲಕ ಯಾರೋ ಒಂದು ಹಾಡನ್ನು ಅಕ್ರಮವಾಗಿ ಹಂಚಿದರು. ಹಕ್ಕುದಾರ ಕಂಪನಿ ಐಪಿ ವಿಳಾಸದ ಜಾಡು ಹಿಡಿದು ಆತನ ಮೇಲೆ ಮೊಕದ್ದಮೆ ಹೂಡಿತು. ತಾನು ಊರಲ್ಲಿರಲಿಲ್ಲ ಎಂದು ಆತ ತೋರಿಸಿಕೊಟ್ಟ. ಆದರೂ 2010ರ ಮೇ 12ರಂದು ಜರ್ಮನಿಯ ಫೆಡರಲ್ ನ್ಯಾಯಾಲಯ, ರೂಟರಿನ ಜತೆ ಬಂದ ಪಾಸ್‌ವರ್ಡನ್ನೇ ಬದಲಿಸದೆ ಬಿಟ್ಟದ್ದು ಆತನ ತಪ್ಪು ಎಂದಿತು. ನಷ್ಟ ಪರಿಹಾರ ಕೊಡಬೇಕಿಲ್ಲ, ಆದರೆ ಇನ್ನೊಮ್ಮೆ ಹೀಗಾಗದಂತೆ ತಡೆಯುವ ಹೊಣೆ ಮತ್ತು ನೋಟಿಸಿನ ಖರ್ಚು ಆತನದ್ದೇ ಎಂಬುದು ತೀರ್ಪು. ತಾನು ತಪ್ಪು ಮಾಡದಿದ್ದರೂ ತಪ್ಪಿಗೆ ದಾರಿ ಬಿಟ್ಟುಕೊಟ್ಟವನು ಉತ್ತರ ಕೊಡಬೇಕು ಎನ್ನುವ ಹಳೆಯ ಜರ್ಮನ್ ಕಾನೂನು ತತ್ವವೊಂದು ಹೀಗೆ ವೈಫೈಗೂ ಅನ್ವಯವಾಯಿತು. ಬೀಗ ಸರಿಯಾಗಿ ಹಾಕದವನಿಗೇ ಈ ಗತಿ ಎಂದಮೇಲೆ ಬೇಕೆಂದೇ ಬಾಗಿಲು ತೆರೆದಿಟ್ಟವರ ಪಾಡೇನು? ನೋಟಿಸ್ ಕಳಿಸುವುದನ್ನೇ ಕಸುಬು ಮಾಡಿಕೊಂಡ ವಕೀಲರ ಕಚೇರಿಗಳು ಆಗ ಜರ್ಮನಿಯಲ್ಲಿ ಬೇಕಾದಷ್ಟಿದ್ದವು. ಕೆಫೆಗಳು, ಅಂಗಡಿಗಳು ತಮ್ಮ ವೈಫೈಗೆ ಬೀಗ ಹಾಕಿಕೊಂಡವು. ಯುರೋಪಿನ ಬೇರೆ ದೇಶಗಳಲ್ಲಿ ಪ್ರವಾಸಿಗೆ ಸುಲಭವಾಗಿ ಸಿಗುತ್ತಿದ್ದ ವೈಫೈ ಜರ್ಮನಿಯಲ್ಲಿ ಅಪರೂಪವಾಯಿತು.

ಫ್ರೈಫುಂಕ್‌ನವರು ಹೆದರಿ ಕೂರಲಿಲ್ಲ. ಈ ಇಡೀ ಕಥೆಯಲ್ಲಿ ನನಗೆ ಬಹಳ ಇಷ್ಟವಾಗುವ ಭಾಗ ಇದೇ. ಬೀದಿಯ ಸಂಚಾರವನ್ನೆಲ್ಲ ಸುರಂಗದ ಮೂಲಕ ಸ್ವೀಡನ್ನಿಗೆ ಕಳಿಸಿ ಅಲ್ಲಿಂದ ಹೊರಕ್ಕೆ ಬಿಟ್ಟರು. ಬರ್ಲಿನ್ನಿನ ಮೂರನೆಯ ಮಹಡಿಯ ಅಜ್ಜಿಯೊಬ್ಬರ ಮನೆಯಿಂದ ಹೊರಟ ಸಂಚಾರ ಹೊರಜಗತ್ತಿಗೆ ಸ್ವೀಡನ್ನಿನ ವಿಳಾಸದಲ್ಲಿ ಕಾಣಿಸಿತು. ಜಾಡು ಹಿಡಿದು ಬಂದವರಿಗೆ ಅಜ್ಜಿ ಸಿಗುವುದಿಲ್ಲ. ರೈನ್‌ಲ್ಯಾಂಡ್ ಪ್ರದೇಶದ ಫ್ರೈಫುಂಕ್ ಗುಂಪು ಇನ್ನೊಂದು ದಾರಿ ಹಿಡಿಯಿತು. ಬೇರೆಯವರ ದತ್ತಾಂಶವನ್ನು ಬರಿದೇ ಸಾಗಿಸುವ ಟೆಲಿಕಾಂ ಕಂಪನಿಗಳಿಗೆ ಗ್ರಾಹಕರ ತಪ್ಪಿನ ಹೊಣೆ ಇಲ್ಲ ಎಂದು ಕಾನೂನೇ ಹೇಳುತ್ತಿತ್ತು. ಸರಿ, ನಾವೂ ಅಂಥ ಸೇವಾದಾತರೇ ಆಗೋಣ ಎಂದು ಅವರು ಸಂಘ ನೋಂದಾಯಿಸಿ, ಸ್ವಂತ ಐಪಿ ವಿಳಾಸಗಳನ್ನು ಪಡೆದು, ದೊಡ್ಡ ಕಂಪನಿಗಳ ಸಾಲಿನಲ್ಲೇ ನಿಂತರು. ದೇಣಿಗೆಯಿಂದ ನಡೆಯುವ ಒಂದು ಸಂಘ ಹೀಗೆ ಕಾನೂನಿನ ಮುಂದೆ ಸೇವಾದಾತನಾಯಿತು. ಹೋರಾಟವೆಂದರೆ ಘೋಷಣೆ ಕೂಗುವುದಷ್ಟೇ ಅಲ್ಲ, ಇಂಥ ತಾಳ್ಮೆಯ ಕಾಗದ ಪತ್ರದ ಕೆಲಸವೂ ಹೋರಾಟವೇ ಎಂದು ನಾನು ನಂಬಿದ್ದೇನೆ.

ಅತ್ತ ಮ್ಯೂನಿಕ್ ಹತ್ತಿರ ಟೊಬಿಯಾಸ್ ಮ್ಯಾಕ್‌ಫ್ಯಾಡನ್ ಎಂಬವರು ಧ್ವನಿ ಮತ್ತು ಬೆಳಕಿನ ಸಲಕರಣೆಗಳ ಅಂಗಡಿ ನಡೆಸುತ್ತಿದ್ದರು. ಅಂಗಡಿಯ ವೈಫೈಯನ್ನು ಬೇಕೆಂದೇ ಎಲ್ಲರಿಗೂ ತೆರೆದಿಟ್ಟಿದ್ದರು. 2010ರಲ್ಲಿ ಅದರ ಮೂಲಕ ಯಾರೋ ಒಂದು ಹಾಡು ಹಂಚಿದ್ದಕ್ಕೆ ನೋಟಿಸ್ ಬಂದಾಗ, ದುಡ್ಡು ತೆತ್ತು ಸುಮ್ಮನಾಗದೆ ತಾವೇ ಕೋರ್ಟಿಗೆ ಹೋದರು. ಪ್ರಕರಣ ಐರೋಪ್ಯ ಒಕ್ಕೂಟದ ನ್ಯಾಯಾಲಯದವರೆಗೆ ಹೋಯಿತು. 2016ರ ಸೆಪ್ಟೆಂಬರ್ 15ರ ತೀರ್ಪು ಅರ್ಧ ಗೆಲುವು. ವೈಫೈ ಕೊಟ್ಟವರಿಂದ ನಷ್ಟ ಪರಿಹಾರ ಕೇಳುವಂತಿಲ್ಲ ಎಂದಿತು; ಆದರೆ ಪಾಸ್‌ವರ್ಡ್ ಹಾಕಿ, ಬಳಸುವವರ ಗುರುತು ಪಡೆದು ಕೊಡಿ ಎಂದು ನ್ಯಾಯಾಲಯಗಳು ಆದೇಶಿಸಬಹುದು ಎಂದೂ ಹೇಳಿತು. ಗುರುತು ಕೇಳಿ ಕೊಡುವುದಾದರೆ ಮುಕ್ತ ವೈಫೈ ಎಲ್ಲಿ ಉಳಿಯಿತು? ಕೊನೆಗೆ ಜರ್ಮನಿಯ ಸಂಸತ್ತು ಮಧ್ಯ ಪ್ರವೇಶಿಸಿತು. 2017ರ ಅಕ್ಟೋಬರಿನಲ್ಲಿ ಜಾರಿಗೆ ಬಂದ ತಿದ್ದುಪಡಿ, ವೈಫೈ ಹಂಚುವವರು ಬೇರೆಯವರ ತಪ್ಪಿಗೆ ಉತ್ತರ ಕೊಡಬೇಕೆಂಬ ಹೊಣೆಯನ್ನು ತೆಗೆದುಹಾಕಿತು. ನೋಂದಣಿ ಮಾಡಿಸಿ ಎಂದೋ, ಪಾಸ್‌ವರ್ಡ್ ಹಾಕಿ ಎಂದೋ ಅಧಿಕಾರಿಗಳು ಒತ್ತಾಯಿಸುವಂತಿಲ್ಲ ಎಂದೂ ಅದು ಹೇಳಿತು. ಹಕ್ಕುದಾರರಿಗೆ ನಿರ್ದಿಷ್ಟ ವಿಷಯವನ್ನು ತಡೆಯುವಂತೆ ಕೇಳುವ ದಾರಿ ಮಾತ್ರ ಉಳಿಯಿತು. 2020ರ ಕೊನೆಯಲ್ಲಿ ತೆರಿಗೆ ಕಾನೂನಿನಲ್ಲಿ ಸಾರ್ವಜನಿಕ ಹಿತದ ಚಟುವಟಿಕೆಗಳ ಪಟ್ಟಿಗೆ ಫ್ರೈಫುಂಕ್ ಹೆಸರೂ ಸೇರಿತು. ಹ್ಯಾಮ್ ರೇಡಿಯೊ ಆದಮೇಲೆ, ಆಟಿಕೆ ವಿಮಾನ ಹಾರಿಸುವವರಿಗಿಂತ ಮೊದಲು, ಅದಕ್ಕೊಂದು ಜಾಗ ಸಿಕ್ಕಿದೆ.

ಬೀಗವಿಲ್ಲದ ವೈಫೈಯ ಬೆಲೆ ಗೊತ್ತಾದದ್ದು ಕಷ್ಟದ ದಿನಗಳಲ್ಲಿ. 2015ರಲ್ಲಿ ಸಿರಿಯಾ, ಅಫ್ಗಾನಿಸ್ತಾನ, ಇರಾಕ್ ಮೊದಲಾದ ದೇಶಗಳಿಂದ ಸುಮಾರು 8.9 ಲಕ್ಷ ಜನ ಆಶ್ರಯ ಕೋರಿ ಜರ್ಮನಿಗೆ ಬಂದರು. ಶಾಲೆಗಳ ವ್ಯಾಯಾಮ ಮಂದಿರಗಳಲ್ಲಿ ಮಂಚ ಹಾಕಿ ಮಲಗಿಸಿದ ಆ ಜನರಿಗೆ ಊಟ, ಹೊದಿಕೆಯ ಜತೆಗೆ ಬೇಕಾಗಿದ್ದುದು ಮನೆಯವರ ಸುದ್ದಿ. ಬೇರ್ಪಟ್ಟ ಅಣ್ಣ ಯಾವ ಗಡಿಯಲ್ಲಿದ್ದಾನೆ, ತಾಯಿ ಬದುಕಿದ್ದಾಳೆಯೇ? ಕೈಯಲ್ಲಿ ಚಾಲ್ತಿಯ ಸಿಮ್ ಇಲ್ಲದವರಿಗೆ ಒಟಿಪಿ ಕೇಳುವ ವೈಫೈ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಅನೇಕ ಊರುಗಳಲ್ಲಿ ಫ್ರೈಫುಂಕ್ ಸ್ವಯಂಸೇವಕರು ಆ ಆಶ್ರಯ ತಾಣಗಳಿಗೆ ರೂಟರ್ ಹೊತ್ತುಕೊಂಡು ಹೋದರು. ಎದುರು ಮನೆಯವರ ಕಿಟಕಿಯಿಂದ, ಹತ್ತಿರದ ಕಟ್ಟಡದ ಛಾವಣಿಯಿಂದ ನೆಟ್ ತಂದರು. 2021ರ ಜುಲೈನಲ್ಲಿ ಜರ್ಮನಿಯ ಆರ್ ನದಿಯ ಕಣಿವೆಯಲ್ಲಿ ಪ್ರವಾಹ ಬಂದು ನೂರಮೂವತ್ತಕ್ಕೂ ಹೆಚ್ಚು ಜನ ಸತ್ತಾಗ, ಸೇತುವೆಗಳ ಜತೆ ಕೇಬಲ್‌ಗಳೂ ಮೊಬೈಲ್ ಟವರ್‌ಗಳೂ ಹಾಳಾಗಿದ್ದವು. ಆಗಲೂ ಇವರು ಜನರೇಟರ್, ಆಂಟೆನಾ ಸಮೇತ ಅಲ್ಲಿಗೆ ಹೋಗಿ ಕಣಿವೆಯ ಹಳ್ಳಿಗಳಿಗೆ ವೈಫೈ ಕಟ್ಟಿಕೊಟ್ಟರು. ಇಪ್ಪತ್ತು ವರ್ಷ ತಾರಸಿ ಹತ್ತಿ ಕಲಿತ ವಿದ್ಯೆ ಅದು. ಟೆಂಡರ್ ಕರೆದು ತರಿಸುವಂಥದ್ದಲ್ಲ.

ನಮ್ಮಲ್ಲಿ ಹೊಣೆಯ ಇದೇ ಪ್ರಶ್ನೆ ಬೇರೆ ರೀತಿ ಎದ್ದಿತು. 2008ರ ಜುಲೈ 26ರಂದು ಅಹಮದಾಬಾದಿನಲ್ಲಿ ಸರಣಿ ಬಾಂಬ್ ಸ್ಫೋಟವಾಗುವ ಕೆಲವೇ ನಿಮಿಷ ಮೊದಲು ಮಾಧ್ಯಮ ಸಂಸ್ಥೆಗಳಿಗೆ ಬಂದ ಬೆದರಿಕೆಯ ಇಮೇಲ್‌ನ ಜಾಡು ಹಿಡಿದ ಪೊಲೀಸರು ತಲುಪಿದ್ದು ನವಿ ಮುಂಬೈನಲ್ಲಿ ವಾಸವಿದ್ದ ಅಮೆರಿಕದ ಪ್ರಜೆಯೊಬ್ಬರ ಮನೆಗೆ. ಅವರ ವೈಫೈಗೆ ಸರಿಯಾದ ಬೀಗ ಇರಲಿಲ್ಲ, ಬೇರೆ ಯಾರೋ ಅದನ್ನು ಬಳಸಿದ್ದರು. ಅಲ್ಲಿಂದಾಚೆ ಮುಕ್ತ ವೈಫೈ ಎಂದರೆ ನಮ್ಮ ವ್ಯವಸ್ಥೆಗೆ ಭಯ. 2009ರಲ್ಲಿ ದೂರಸಂಪರ್ಕ ಇಲಾಖೆ ವೈಫೈ ಬಳಕೆಗೆ ಭದ್ರತೆ ಮತ್ತು ಬಳಕೆದಾರರ ಗುರುತು ಕಡ್ಡಾಯವೆಂದು ನೆಟ್ ಕಂಪನಿಗಳಿಗೆ ಸೂಚನೆ ಕೊಟ್ಟಿತು. ಆ ಭಯಕ್ಕೆ ಕಾರಣ ಇರಲಿಲ್ಲವೆಂದು ಯಾರೂ ಹೇಳಲಾರರು; ಸತ್ತವರ ಸಂಖ್ಯೆ ಐವತ್ತು ದಾಟಿತ್ತು. ಆದರೆ ರೈಲು ನಿಲ್ದಾಣದಲ್ಲಿ, ವಿಮಾನ ನಿಲ್ದಾಣದಲ್ಲಿ ಒಟಿಪಿ ಇಲ್ಲದೆ ನೆಟ್ ಇಲ್ಲ ಎಂಬ ಈಗಿನ ಸ್ಥಿತಿ ಬಂದದ್ದು ಹೀಗೆ. 2014ರಲ್ಲಿ ಬೆಂಗಳೂರಿನ ಎಂ.ಜಿ. ರಸ್ತೆ ಸುತ್ತಮುತ್ತ ಶುರುವಾದ ‘ನಮ್ಮ ವೈಫೈ’ ಕೂಡ ಫೋನ್ ನಂಬರ್ ಕೇಳಿಯೇ ಒಳಗೆ ಬಿಡುತ್ತಿತ್ತು, ಕೆಲವೇ ವರ್ಷಗಳಲ್ಲಿ ಮರೆಯಾಯಿತು.

2020ರ ಡಿಸೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ-ವಾಣಿ ಯೋಜನೆ ಈ ಬಿಗಿಯನ್ನು ಸ್ವಲ್ಪ ಸಡಿಲಿಸಿತು. ಕಿರಾಣಿ ಅಂಗಡಿ, ಚಹಾದಂಗಡಿಯವರು ಲೈಸೆನ್ಸ್ ಇಲ್ಲದೆ, ಶುಲ್ಕ ಇಲ್ಲದೆ ತಮ್ಮ ನೆಟ್ ಸಂಪರ್ಕವನ್ನು ಹಾಟ್‌ಸ್ಪಾಟ್ ಮಾಡಿ ಹಂಚಬಹುದು, ಮಾರಬಹುದು. ಹಿಂದೆ ಊರೂರಿನಲ್ಲಿ ಹಳದಿ ಬೋರ್ಡಿನ ಪಿಸಿಒಗಳು ಫೋನಿಗೆ ಮಾಡಿದ್ದನ್ನು ಇವು ನೆಟ್‌ಗೆ ಮಾಡಲಿ ಎಂಬ ಆಸೆ. 2018ರ ರಾಷ್ಟ್ರೀಯ ನೀತಿಯಲ್ಲಿ 2022ಕ್ಕೆ 1 ಕೋಟಿ ಸಾರ್ವಜನಿಕ ಹಾಟ್‌ಸ್ಪಾಟ್‌ಗಳ ಗುರಿ ಇತ್ತು. ಅದರ ಹತ್ತಿರವೂ ಹೋಗಲಾಗಲಿಲ್ಲ. ಮುಖ್ಯ ಕಾರಣಗಳಲ್ಲೊಂದು, ಮನೆಗಾದರೆ ಕೆಲವು ನೂರು ರೂಪಾಯಿಗೆ ಸಿಗುವ ಫೈಬರನ್ನು ಹಂಚಲು ಎಂದೊಡನೆ ಕೆಲ ಕಂಪನಿಗಳು ದುಬಾರಿ ಲೀಸ್ಡ್ ಲೈನ್ ತೆಗೆದುಕೊಳ್ಳಿ ಎನ್ನುತ್ತಿದ್ದುದು. 2025ರ ಜೂನ್‌ನಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ಇದಕ್ಕೆ ಮಿತಿ ಹಾಕಿತು: 200 ಎಂಬಿಪಿಎಸ್‌ವರೆಗಿನ ಸಂಪರ್ಕಕ್ಕೆ ಇಂಥ ಅಂಗಡಿಗಳಿಂದ ಮನೆ ಬಳಕೆಯ ದರದ ಎರಡರಷ್ಟಕ್ಕಿಂತ ಹೆಚ್ಚು ಪಡೆಯುವಂತಿಲ್ಲ. ಒಳ್ಳೆಯ ಹೆಜ್ಜೆ. ಆದರೂ ಇದು ವ್ಯಾಪಾರಿಗಾಗಿ ಹೊಲಿದ ಅಂಗಿ. ಮನೆಯ ನೆಟ್ಟನ್ನು ಬಿಟ್ಟಿಯಾಗಿ ನೆರೆಯವರಿಗೆ ಕೊಡಬೇಕೆನ್ನುವವರಿಗೆ ಕಾನೂನು ಇನ್ನೂ ಧೈರ್ಯ ಹೇಳುತ್ತಿಲ್ಲ. ಅವರ ಕೈಕಟ್ಟುವ ಷರತ್ತು ನೆಟ್ ಕಂಪನಿಗಳ ಒಪ್ಪಂದದಲ್ಲೇ ಇರುತ್ತದೆ.

ಮೊಬೈಲ್ ಡೇಟಾ ಇಷ್ಟು ಅಗ್ಗವಾದ ದೇಶದಲ್ಲಿ ಇದೆಲ್ಲ ಯಾಕೆ ಬೇಕು ಎಂದು ಕೇಳುವವರಿದ್ದಾರೆ. ಕೇಳಲೇಬೇಕಾದ ಪ್ರಶ್ನೆ. 2016ರ ನಂತರ ಡೇಟಾ ದರ ಕುಸಿದು ಕೋಟ್ಯಂತರ ಜನರ ಕೈಗೆ ನೆಟ್ ಬಂದದ್ದು ನಿಜ. ಜರ್ಮನಿಯಲ್ಲೂ ಮೊಬೈಲ್ ನೆಟ್ ಹೆಚ್ಚಿದಂತೆ ಬೀದಿಯ ವೈಫೈ ಹುಡುಕುವವರು ಕಡಿಮೆಯಾಗಿದ್ದಾರೆ. ಆದರೆ ಸಿಗ್ನಲ್ ಇರುವ ಕಡೆಗಷ್ಟೇ ಆ ಮಾತು ಸಲ್ಲುತ್ತದೆ. ಕೊರೊನಾ ಕಾಲದಲ್ಲಿ ಸುಳ್ಯದ ಕಡೆ, ಶಿವಮೊಗ್ಗ, ಉತ್ತರ ಕನ್ನಡದ ಕಾಡಂಚಿನ ಹಳ್ಳಿಗಳಲ್ಲಿ ಆನ್‌ಲೈನ್ ಪಾಠಕ್ಕೆಂದು ಮಕ್ಕಳು ಗುಡ್ಡ ಹತ್ತಿದ್ದನ್ನು, ಸುರಿಯುವ ಮಳೆಯಲ್ಲಿ ರಸ್ತೆ ಬದಿ ಕೂತು ಪಾಠ ಕೇಳುವ ಮಗಳಿಗೆ ತಂದೆ ಕೊಡೆ ಹಿಡಿದು ನಿಂತದ್ದನ್ನು ನಾವೆಲ್ಲ ಪತ್ರಿಕೆಗಳಲ್ಲಿ ನೋಡಿದ್ದೇವೆ. ಪೇಟೆಯಲ್ಲೂ ರೀಚಾರ್ಜ್ ಮುಗಿದು ದುಡ್ಡಿಲ್ಲದವರು, ಕಟ್ಟಡ ಕೆಲಸದ ಶೆಡ್ಡುಗಳಲ್ಲಿರುವ ಕುಟುಂಬಗಳು ನಮ್ಮ ಪಾಸ್‌ವರ್ಡಿನ ಆಚೆ ಹತ್ತೇ ಮೀಟರ್ ದೂರದಲ್ಲಿದ್ದಾರೆ.

ತುಮಕೂರು ಜಿಲ್ಲೆಯ ದೇವರಾಯನದುರ್ಗದ ಸುತ್ತಲಿನ ಹಳ್ಳಿಗಳಲ್ಲಿ ಜನಸ್ತು ಎಂಬ ಸಂಸ್ಥೆ ಊರವರ ಜತೆ ಸೇರಿ ಮೆಶ್ ಜಾಲ ಕಟ್ಟಿದೆ. ಹಳ್ಳಿಯವರು ತಾವೇ ದನಿ ಮುದ್ರಿಸಿ ಹಂಚಿಕೊಳ್ಳುವ ರೇಡಿಯೊ ಅದರ ಮೇಲೆ ನಡೆಯುತ್ತದೆ. ಹೊರಗಿನ ನೆಟ್ ಹೋದರೂ ಊರೊಳಗಿನ ಜಾಲ ಉಳಿದಿರುತ್ತದೆ. ಬರ್ಲಿನ್ನಿನ ತಾರಸಿಯ ಮೇಲೆ ನಡೆದದ್ದು ಕಲ್ಲುಗುಡ್ಡದ ತಪ್ಪಲಲ್ಲೂ ನಡೆಯುತ್ತದೆ ಎಂಬುದಕ್ಕೆ ನಮ್ಮ ಕಣ್ಣಮುಂದೆಯೇ ಉದಾಹರಣೆ ಇದೆ. ಕೌಶಲವೂ ಇದೆ, ಮನಸ್ಸಿರುವ ಜನರೂ ಇದ್ದಾರೆ. ಬೇಕಾಗಿರುವುದು ಎರಡು ತಿದ್ದುಪಡಿ. ಲಾಭವಿಲ್ಲದೆ ಮನೆಯ ನೆಟ್ ಹಂಚುವುದನ್ನು ಕಂಪನಿಯ ಒಪ್ಪಂದ ನಿಷೇಧಿಸಬಾರದು. ನೋಂದಾಯಿತ ಸಂಘದ ಸುರಂಗದ ಮೂಲಕ ಹಂಚಿದವರನ್ನು ಅಪರಿಚಿತರ ತಪ್ಪಿಗೆ ಪೊಲೀಸರು ಹೊಣೆ ಮಾಡಬಾರದು. ತನಿಖೆಗೆ ಬೇಕಾದ ಪ್ರಶ್ನೆಗಳನ್ನು ಆ ಸಂಘಕ್ಕೆ ಕೇಳಲಿ. ಟ್ರಾಯ್ ಹೊಸ ಆದೇಶಗಳಿಗೆ ಮುನ್ನ ಕರಡು ಹೊರಡಿಸಿ ಸಾರ್ವಜನಿಕರ ಅಭಿಪ್ರಾಯ ಕೇಳುತ್ತದೆ. ಮುಂದಿನ ಬಾರಿ ಸಾರ್ವಜನಿಕ ವೈಫೈ ಬಗ್ಗೆ ಕರಡು ಬಂದಾಗ ಕಂಪನಿಗಳ ಅಭಿಪ್ರಾಯದ ಜತೆಗೆ ಮನೆಯವರ ಪತ್ರಗಳೂ ಅಲ್ಲಿಗೆ ತಲುಪಬೇಕು.